ತೆರ ಕೊಡುತ್ತಿದ್ದ ಮನೆಗೆ ವರದಕ್ಷಿಣೆ ಬಂದದ್ದು ಹೇಗೆ?

ಹಳೇ ಮೈಸೂರು ಸೀಮೆಯ ಅನೇಕ ಒಕ್ಕಲು ಮನೆತನಗಳಲ್ಲಿ ಒಂದು ಕಾಲಕ್ಕೆ ಮದುವೆಗೆ ದುಡ್ಡು ಕೊಡಬೇಕಾದವರು ಗಂಡಿನ ಕಡೆಯವರು. ಅದಕ್ಕೆ ‘ತೆರ’ ಎನ್ನುತ್ತಿದ್ದರು. ಹಿರಿಯರ ಎದುರು ಎಲೆ ಅಡಿಕೆಯ ಜೊತೆ ತೆರದ ಹಣ ಹೆಣ್ಣಿನ ತಂದೆಯ ಕೈ ಸೇರುತ್ತಿತ್ತು. ಕೂಡಿಕೆಯ ಮದುವೆಗೆ, ಅಂದರೆ ವಿಧವೆಯ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆಗೆ, ತೆರ ಕಡಿಮೆ. ನಾಟಿ, ಕಳೆ, ಕುಯ್ಲು ಮಾಡುವ ಎರಡು ಕೈಗಳು ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದವು, ಆ ನಷ್ಟವನ್ನು ತೆರ ತುಂಬುತ್ತಿತ್ತು. ಅದೇ ಮನೆಗಳ ಮೊಮ್ಮಕ್ಕಳ ಕಾಲಕ್ಕೆ ಹಣ ಹೆಣ್ಣಿನ ಕಡೆಯಿಂದ ಗಂಡಿನ ಕಡೆಗೆ ಹರಿಯತೊಡಗಿತು. ಇದಕ್ಕೆಲ್ಲ ದುರಾಸೆಯೇ ಕಾರಣ ಎಂದರೆ ಸಾಲದು. ದುರಾಸೆ ತೆರದ ಕಾಲದಲ್ಲೂ ಇತ್ತು.

ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡವರ ಕುರಿತ ತಮ್ಮ 1952ರ ಗ್ರಂಥದಲ್ಲಿ ‘ಸಂಸ್ಕೃತೀಕರಣ’ದ ವಿಚಾರ ಮಂಡಿಸಿದರು. ಕೆಳಗಿನ ಜಾತಿಯೊಂದು ಮೇಲಿನವರ ಊಟ, ಪೂಜೆ, ಮದುವೆಯ ರೀತಿಗಳನ್ನು ತನ್ನದಾಗಿಸಿಕೊಂಡು, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುತ್ತದೆ ಎಂಬುದು ಅದರ ತಿರುಳು. ಈ ಏರಿಕೆಯ ಬೆಲೆ ತೆರುವವರು ಹೆಂಗಸರೇ ಎಂಬುದನ್ನೂ ಅವರು ಗುರುತಿಸಿದ್ದರು. ಮೇಲಿನವರ ರೀತಿ ಬಂದಂತೆ ವಿಧವೆಯ ಮರುಮದುವೆಗೆ ಅಡ್ಡಿ ಬರುತ್ತದೆ, ಹೊಲದ ದುಡಿಮೆ ಹೆಂಗಸಿಗೆ ತಕ್ಕುದಲ್ಲ ಎನಿಸುತ್ತದೆ. ಶಾಸ್ತ್ರದ ಕಣ್ಣಿನಲ್ಲಿ ತೆರ ಎಂದರೆ ಮಗಳನ್ನು ಮಾರಿದಂತೆ, ಮರ್ಯಾದೆಯ ಮದುವೆ ಎಂದರೆ ಕನ್ಯಾದಾನ. ದಾನದ ಜೊತೆ ದಕ್ಷಿಣೆ ಇರಲೇಬೇಕು. ‘ವರದಕ್ಷಿಣೆ’ ಎಂಬ ಪದದಲ್ಲೇ ಈ ತರ್ಕ ಅಡಗಿದೆ.

ಒಂದು ಸಿದ್ಧಾಂತವನ್ನು ಸಮಸ್ಯೆಗೆ ಹಚ್ಚುವಾಗ ಮೊದಲು ಕೇಳಬೇಕಾದದ್ದು, ಇದು ನಿಜವಾದರೆ ನಮಗೆ ಏನು ಕಾಣಬೇಕು? ಸಂಸ್ಕೃತೀಕರಣ ನಿಜವಾದರೆ ವರದಕ್ಷಿಣೆ ಬಡವರಲ್ಲಿ ಶುರುವಾಗಬಾರದು. ಊರಿನ ಪ್ರಬಲ ಜಾತಿಯ ಅನುಕೂಲಸ್ಥ ಮನೆಗಳಲ್ಲಿ, ಅದರಲ್ಲೂ ಹೆಂಗಸರು ಗದ್ದೆಗಿಳಿಯುವುದನ್ನು ಬಿಟ್ಟ ಮನೆಗಳಲ್ಲಿ ಮೊದಲು ಕಾಣಬೇಕು. ಮಂಡ್ಯ ಸೀಮೆಯಲ್ಲಿ ಇದನ್ನು ಒರೆಗೆ ಹಚ್ಚಲು ಬರುತ್ತದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ನಡುವೆ ಅಲ್ಲಿನ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರಿತ್ತು, ಇನ್ನೊಂದು ಒಣ ಊರು. 1970ರಲ್ಲಿ ಅವರು ಮರಳಿ ಬರುವ ಹೊತ್ತಿಗೆ, ನೀರು ಕಂಡ ಊರಿನ ಸಿರಿವಂತ ಒಕ್ಕಲುಗಳಲ್ಲಿ ತೆರದ ಜಾಗಕ್ಕೆ ವರದಕ್ಷಿಣೆ ಕಾಲಿಟ್ಟಿತ್ತು. ಕಬ್ಬಿನ ದುಡ್ಡು ಹೆಂಗಸರ ಬದಲಿಗೆ ಕೂಲಿಯಾಳು ಇಡುವಷ್ಟು ಬಲ ಕೊಟ್ಟಿತ್ತು. ಗದ್ದೆಗಿಳಿಯದ ಮಗಳಿಗೆ ತೆರ ಕೇಳುವುದು ಯಾವ ಲೆಕ್ಕದಲ್ಲಿ?

ಆದರೆ ಸಿದ್ಧಾಂತ ಇಲ್ಲಿಗೆ ನಿಲ್ಲುತ್ತದೆ, ಹಲವರು ಎಡವುವುದೂ ಇಲ್ಲೇ. ಅನುಕರಣೆ ಹಣದ ದಿಕ್ಕು ಬದಲಾದದ್ದನ್ನು ಹೇಳುತ್ತದೆ, ಮೊತ್ತ ಲಕ್ಷಗಳಿಗೆ ಏರಿದ್ದನ್ನು ಹೇಳುವುದಿಲ್ಲ. ಶ್ರೀನಿವಾಸರೇ ಮುಂದೆ ಇಂದಿನ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದಿಂದ, ಅಂದರೆ ಮಗಳಿಗೇ ಸ್ವಂತವಾಗಿ ಕೊಡುತ್ತಿದ್ದ ಒಡವೆ ವಸ್ತುವಿನಿಂದ, ಬೇರೆ ಮಾಡಿ ನೋಡಿದರು. ಬ್ರಿಟಿಷ್ ಆಳ್ವಿಕೆ ತಂದ ನಗದಿನ ಚಲಾವಣೆ, ಇಂಗ್ಲಿಷ್ ಓದು, ಸಂಬಳದ ನೌಕರಿ ಇದನ್ನು ಬೆಳೆಸಿದವು ಎಂದರು. ಜಾತಿಯೊಳಗೇ ಮದುವೆಯಾಗಬೇಕು, ಆ ಜಾತಿಯಲ್ಲಿ ಓದಿ ನೌಕರಿ ಹಿಡಿದ ಹುಡುಗರು ಬೆರಳೆಣಿಕೆ, ಅವರನ್ನೇ ಬಯಸುವ ತಂದೆಯರು ಬಹಳ. ಹೀಗಿದ್ದಾಗ ಒಬ್ಬ ತಂದೆ ಒಂಟಿಯಾಗಿ ‘ಕೊಡುವುದಿಲ್ಲ’ ಎಂದರೆ ಸಂಬಂಧ ಪಕ್ಕದ ಮನೆಗೆ ಹೋಗುತ್ತದೆ, ಪದ್ಧತಿ ಹಾಗೇ ಉಳಿಯುತ್ತದೆ. ಅವನನ್ನು ಹೇಡಿ ಎಂದು ಬೈಯುವುದು ಅನ್ಯಾಯ.

1961ರ ವರದಕ್ಷಿಣೆ ನಿಷೇಧ ಕಾಯ್ದೆ ತೊಡಕಿಗೆ ಸಿಕ್ಕುವುದೂ ಈ ಮದುವೆ ಮಾತುಕತೆಯ ಜಮಖಾನೆಯ ಮೇಲೆಯೇ. ಯಾರೂ ‘ವರದಕ್ಷಿಣೆ’ ಎನ್ನುವುದಿಲ್ಲ. ‘ವರೋಪಚಾರ’ ಎನ್ನುತ್ತಾರೆ, ‘ನಿಮ್ಮ ಹುಡುಗಿಗೆ ನೀವು ಹಾಕ್ಕೊಳ್ಳಿ’ ಎನ್ನುತ್ತಾರೆ. ಕೇಳದೆ ಕೊಟ್ಟ ಉಡುಗೊರೆಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ 1985ರ ನಿಯಮಗಳ ಪ್ರಕಾರ ಅದರ ಪಟ್ಟಿ ಬರೆದಿಡಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟಸ್ತನ, ಕೊನೆಗೆ ಹುಡುಗ ಹುಡುಗಿಯ ಸಹಿ. ಕೊಟ್ಟವರೂ ಅಪರಾಧಿಗಳಾದ್ದರಿಂದ ದೂರು ಕೊಡಲು ಹೆದರುವವರು ಬಹಳ. 7(3)ನೇ ಕಲಮು ಮಾತ್ರ ನೊಂದವರ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ. ಈ ಕಲಮು ಮತ್ತು ಆ ಪಟ್ಟಿ ಎರಡೂ ಹೆಣ್ಣು ಹೆತ್ತವರಿಗೆ ಮಾತುಕತೆಗೆ ಕೂರುವ ಮುನ್ನವೇ ಗೊತ್ತಿರಬೇಕು.