ಹಾವಿಗೆ ತುತ್ತು ಉಣಿಸುವವರಿಗೆ

ನಾನು ಎಮ್ಮೆ, ಆಕಳು, ಆಡುಗಳ ವೈದ್ಯ. ಹಾವಿನ ತಜ್ಞನೆಂದು ಎಲ್ಲೂ ಬೋರ್ಡು ಹಾಕಿಕೊಂಡವನಲ್ಲ. ಆದರೂ ಬಾಗಲಕೋಟೆಯ ನವನಗರದಲ್ಲಿ ಮಳೆ ಹಿಡಿದರೆ ಸಾಕು, ನನ್ನ ಮೇಜಿನ ಮೇಲೆ ಡಬ್ಬಿಗಳು ಬಂದು ಕೂರುತ್ತವೆ. ಉಪ್ಪಿನಕಾಯಿ ಬಾಟಲಿ, ಬಣ್ಣದ ಡಬ್ಬಿ, ಒಮ್ಮೆ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಊಟದ ಡಬ್ಬಿ. ಒಳಗೊಂದು ಸಣ್ಣ ಹಾವು, ಜತೆಗೆ ತಪ್ಪದೇ ಏನಾದರೊಂದು ತಿನಿಸು: ಹಾಲು, ಒಡೆದ ಕೋಳಿಮೊಟ್ಟೆ, ಎರೆಹುಳು, ನೆನೆಸಿದ ಬ್ರೆಡ್. ತಂದವರ ಮಾತು ಮಾತ್ರ ಪ್ರತಿ ಸಲವೂ ಒಂದೇ: "ನಿನ್ನೆಯಿಂದ ಏನೂ ತಿಂದಿಲ್ಲ ಸಾಹೇಬರೇ."

ತಿನ್ನಬೇಕಾಗಿಲ್ಲ. ಹಾವು ನಿಮ್ಮ ಮನೆಗೆ ಬಂದ ಅಳಿಯನಲ್ಲ.

ಕಳೆದ ವರ್ಷ ನಿವೃತ್ತ ಮಾಸ್ತರರೊಬ್ಬರು ತೋಳಹಾವೊಂದನ್ನು ತಂದಿದ್ದರು. ಕಂದು ಮೈ, ಅಡ್ಡಕ್ಕೆ ಬಿಳಿಯ ಪಟ್ಟೆಗಳು, ಮೊಳದುದ್ದ. ಡಬ್ಬಿಯ ತಳದಲ್ಲಿ ಲೋಳೆ ಮೆತ್ತಿಕೊಂಡ ಹಲ್ಲಿಯೊಂದು ಬಿದ್ದಿತ್ತು. ತಲೆಯ ಕಡೆಯ ಚರ್ಮ ಕರಗಿ ಬೆಳ್ಳಗಾಗಿತ್ತು, ಹಿಂಗಾಲುಗಳು ಮಾತ್ರ ಈಗಷ್ಟೇ ಗೋಡೆಯಿಂದ ಇಳಿದಂತೆ ಹಾಗೇ ಇದ್ದವು. "ಹಲ್ಲಿಯ ವಿಷ ಏರಿ ಹಾವಿಗೆ ವಾಂತಿಯಾಗಿದೆ ಡಾಕ್ಟರೇ, ಇಂಜೆಕ್ಷನ್ ಏನಾದರೂ ಇದೆಯೇ?" ಎಂದು ಕೇಳಿದರು. ನಗು ತಡೆದುಕೊಂಡೆ. ಮನೆಯ ಹಲ್ಲಿಗೆ ವಿಷವಿಲ್ಲ. ತೋಳಹಾವಿಗಂತೂ ಅದು ನಿತ್ಯದ ರೊಟ್ಟಿ. ಹಲ್ಲಿ, ಜಾರುವ ಮೈಯ ಹಾವುರಾಣಿಗಳನ್ನು ಬಿಗಿಯಾಗಿ ಹಿಡಿಯಲೆಂದೇ ಅದರ ಮುಂದಿನ ಕೆಲವು ಹಲ್ಲುಗಳು ಉದ್ದವಾಗಿವೆ. ವಾಂತಿ ಮಾಡಿಸಿದ್ದು ಹಲ್ಲಿಯಲ್ಲ, ಮಾಸ್ತರರು. ಹೊಟ್ಟೆ ತುಂಬಿದ ಹಾವನ್ನು ಕೋಲಿನಿಂದ ಎತ್ತಿ, ಡಬ್ಬಿಗೆ ತುಂಬಿ, ಓಣಿಯವರಿಗೆಲ್ಲ ತೋರಿಸಿ, ರಾತ್ರಿಯಿಡೀ ತಣ್ಣನೆಯ ಫರಸಿಯ ಮೇಲೆ ಇಟ್ಟಿದ್ದರು.

ಈ ಒಂದು ವಿಷಯವನ್ನು ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ಎಮ್ಮೆಯ ಮೈ ಸದಾ 38 ಡಿಗ್ರಿಯ ಆಸುಪಾಸು ಬೆಚ್ಚಗಿರುತ್ತದೆ. ಅದರ ಹೊಟ್ಟೆಯ ಒಲೆ ಒಳಗೇ ಉರಿಯುತ್ತದೆ, ಅದನ್ನು ಉರಿಸುವುದಕ್ಕೇ ಹೊತ್ತು ಹೊತ್ತಿಗೆ ಮೇವು ಬೇಕು. ಹಾವಿನ ಒಲೆ ಇರುವುದು ಹೊರಗೆ: ಬಿಸಿಲಿನಲ್ಲಿ, ಕಾದ ಕಲ್ಲಿನಲ್ಲಿ, ಬಣವೆಯ ಬುಡದಲ್ಲಿ. ಮೈ ಬಿಸಿಮಾಡಿಕೊಳ್ಳುವ ಖರ್ಚು ಇಲ್ಲದ್ದರಿಂದಲೇ ಬೆಳೆದ ಹಾವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿದ್ದೂ ಆರಾಮಾಗಿರುತ್ತದೆ. ಆದರೆ ನುಂಗಿದ್ದನ್ನು ಕರಗಿಸಲು ಅದಕ್ಕೆ ಹೊರಗಿನ ಕಾವು ಬೇಕೇ ಬೇಕು. ಅಗಿಯದೆ ಇಡಿಯಾಗಿ ನುಂಗುವ ಪ್ರಾಣಿ ಅದು. ಮಾಂಸ, ಎಲುಬು ಎಲ್ಲವೂ ಜಠರದ ಆಮ್ಲದಲ್ಲೇ ಕರಗಬೇಕು. ಕಾವು ಸಿಕ್ಕರೆ ಕೆಲವೇ ದಿನಗಳ ಕೆಲಸ. ಸಿಗದಿದ್ದರೆ ಒಳಗಿನದು ಕರಗುವ ಮೊದಲೇ ಕೊಳೆಯುತ್ತದೆ, ಹಾವು ಕಕ್ಕುತ್ತದೆ. ಹೆದರಿದರೂ ಕಕ್ಕುತ್ತದೆ, ಹೊಟ್ಟೆಯ ಭಾರ ಇಳಿದರೆ ಓಡುವುದು ಸುಲಭ. ಕಕ್ಕಿದ ಹಾವನ್ನು ಕಂಡ ನೀವು "ಪಾಪ, ಹಸಿದಿದೆ" ಎಂದು ಇನ್ನೊಂದು ತುತ್ತು ತುರುಕುತ್ತೀರಿ. ಸುಟ್ಟ ಗಂಟಲಿಗೆ ಮತ್ತೊಂದು ಹೊರೆ.

ಹಾಲಿನ ಮಾತು ಇನ್ನೂ ಬೇಸರದ್ದು. ಹಾವು ಮೊಲೆ ಕುಡಿದು ಬೆಳೆಯುವ ಪ್ರಾಣಿಯಲ್ಲ. ಬಾಯಾರಿ ಬಳಲಿದ್ದರೆ ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿದೀತು. ಅದರ ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಹಿಂದೆಯೇ ತೆರೆದುಕೊಂಡಿರುವುದರಿಂದ ಬಲವಂತವಾಗಿ ಸುರಿದ ಹಾಲು ನೇರವಾಗಿ ಪುಪ್ಪುಸಕ್ಕೆ ಇಳಿಯಬಹುದು. ಪಂಚಮಿಯ ದಿನ ಉಂಡಿ ತಿನ್ನಿ, ಜೋಕಾಲಿ ಜೀಕಿರಿ, ಹಾಲನ್ನು ಮಕ್ಕಳಿಗೆ ಕೊಡಿ.

ಹೆಸರುಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಮಣ್ಣುಮುಕ್ಕ ಹಾವು ಮಣ್ಣು ಮುಕ್ಕುವುದಿಲ್ಲ, ಮಣ್ಣಿನೊಳಗೆ ಹೊಂಚು ಹಾಕಿ ಇಲಿ ಹಿಡಿಯುತ್ತದೆ. ತೂಕ ಹೆಚ್ಚಿದರೆ ಲಕ್ಷಗಟ್ಟಲೆ ಬೆಲೆ ಎಂಬ ಹುಚ್ಚಿನಿಂದ ಅದಕ್ಕೆ ಏನೇನೋ ತಿನ್ನಿಸುವವರಿದ್ದಾರೆ. ಅಂಥವರಿಗೆ ನನ್ನಲ್ಲಿ ಸಲಹೆ ಇಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಕೋಳಿಮೊಟ್ಟೆ ಇಡುವವರಿಗೂ ಒಂದು ಮಾತು: ಕುಕ್ರಿ ಹಾವು ಕತ್ತಿಯಂಥ ಹಿಂಬದಿಯ ಹಲ್ಲುಗಳಿಂದ ಓತಿಕೇತದಂಥವುಗಳ ಮೆತ್ತನೆಯ ಮೊಟ್ಟೆಯನ್ನು ಸೀಳುತ್ತದೆ, ನಿಜ. ಆದರೆ ಕೋಳಿಮೊಟ್ಟೆ ಅದರ ಬಾಯಿಗೆ ಬೆಟ್ಟ.

ಸಣ್ಣದೆಂದು ಕೈ ಹಾಕಬೇಡಿ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಕಲ್ಲುನೆಲದಲ್ಲಿ ಚೇಳು, ಜರಿಗಳನ್ನೂ ತಿಂದು ಬದುಕುವ ಗರಗಸ ಮಂಡಲ ಮೊಳದುದ್ದದ್ದೇ, ಅದರ ಕಡಿತ ಪ್ರಾಣಕ್ಕೆ ಎರವು. ವಿಷವಿಲ್ಲದ ತೋಳಹಾವೆಂದುಕೊಂಡದ್ದು ಕಡುವಿಷದ ಕಟ್ಟುಹಾವಾಗಿದ್ದರೆ ನನ್ನ ಬಳಿಗಲ್ಲ, ಜಿಲ್ಲಾ ಆಸ್ಪತ್ರೆಗೆ ಓಡಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸುವ ಗುರುತುಗಳನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಓದಿದವರು ಪರೀಕ್ಷೆ ಮಾಡಲು ಹೊರಡುತ್ತಾರೆ.

ಮೊನ್ನೆ ಬಂದವನು ಆರನೆಯ ತರಗತಿಯ ಹುಡುಗ. ಬಾಟಲಿಯಲ್ಲಿ ಗೇಣುದ್ದವೂ ಇಲ್ಲದ ಹುಳುಹಾವು, ಎರಡು ಎರೆಹುಳು, ಒಂದಿಷ್ಟು ಹಾಲು. ಬಚ್ಚಲಲ್ಲಿ ಸಿಕ್ಕಿತಂತೆ. ಯಾವುದು ಹುಳು, ಯಾವುದು ಹಾವು ಎಂದು ನನಗೂ ಕನ್ನಡಕ ಹಾಕಿಕೊಂಡೇ ಗೊತ್ತಾದದ್ದು. ಎಣ್ಣೆ ಸವರಿದಂತೆ ಹೊಳೆಯುವ ಹುರುಪೆ, ಕಣ್ಣಿರುವ ಜಾಗದಲ್ಲಿ ಎರಡು ಮಸುಕು ಚುಕ್ಕೆ. "ತಮ್ಮಾ, ಇದು ಎರೆಹುಳು ತಿನ್ನುವುದಿಲ್ಲ. ಇರುವೆಗಳ ಮೊಟ್ಟೆ, ಮರಿ, ಗೆದ್ದಲು, ಇಷ್ಟೇ ಇದರ ಊಟ" ಎಂದೆ. ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಸಂಗತಿಯನ್ನೂ ಹೇಳಿದೆ: ಈ ಹಾವು ಗೆದ್ದಲನ್ನು ಹಿಂಬದಿಯಿಂದ ನುಂಗುತ್ತಾ ಬಂದು, ಎಷ್ಟೋ ಸಲ ಅದರ ತಲೆಯನ್ನು ನೆಲಕ್ಕೆ ಉಜ್ಜಿ ಮುರಿದು ಬಿಟ್ಟುಬಿಡುತ್ತದೆ. ಗಟ್ಟಿ ತಲೆ ಹೊಟ್ಟೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಹುಡುಗನ ಕಣ್ಣು ಅರಳಿತು. "ಮೆಣಸಿನಕಾಯಿಯ ತೊಟ್ಟು ಬಿಟ್ಟ ಹಾಗೆ!" ಎಂದ. ನನಗೆ ಹೊಳೆಯದ ಹೋಲಿಕೆ.

ಇವುಗಳಲ್ಲಿ ಗಂಡಿಲ್ಲ, ಎಲ್ಲವೂ ಹೆಣ್ಣೇ, ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತವೆ ಎಂದು ಹೇಳಲು ಹೊರಟು ಸುಮ್ಮನಾದೆ. ಪ್ರಶ್ನೆಗಳು ಮುಗಿಯುತ್ತಿರಲಿಲ್ಲ, ಹೊರಗೆ ಆಡೊಂದು ಹೊಟ್ಟೆಯುಬ್ಬರದಿಂದ ಒರಲುತ್ತಿತ್ತು. ಇಷ್ಟು ಚಿಕ್ಕ ಮೈ ಹಸಿವಿಗಿಂತ ಮೊದಲು ಒಣಗಿಯೇ ಸಾಯುತ್ತದೆ ಎಂದು ವಿವರಿಸಿ, ಹಿತ್ತಲಿನ ಬಾಳೆಯ ಬುಡದ ಹಸಿ ಮಣ್ಣಿನಲ್ಲಿ ಬಾಟಲಿಯನ್ನು ಓರೆ ಮಾಡಿದೆ. ಹಾವು ಒಮ್ಮೆ ಮೂತಿಯಿಂದ ಮಣ್ಣು ಮುಟ್ಟಿ ನೋಡಿ, ದಾರ ಸೂಜಿಯೊಳಗೆ ಹೋದಂತೆ ಮರೆಯಾಯಿತು.

"ಇರುವೆ ಮೊಟ್ಟೆ ತಂದು ಹಾಕಲೇ?" ಎಂದು ಕೇಳಿದ ಹುಡುಗ. ನಾನು ಬರೀ ನೋಡಿದೆ. ಅವನು ಬಾಟಲಿ ತೊಳೆದುಕೊಂಡು, "ಇದು ಅವ್ವನದು, ಗೊತ್ತಾದರೆ ಬೈಯುತ್ತಾಳೆ" ಎನ್ನುತ್ತಾ ಓಡಿದ.