ಮಣ್ಣಿನ ವರದಿಯಲ್ಲಿ ಆರೋಪಿಯ ಹೆಸರಿರುವುದಿಲ್ಲ

ಮಣ್ಣಿನಲ್ಲಿ, ಅಂತರ್ಜಲದಲ್ಲಿ ಸೇರಿರುವ ವಿಷವನ್ನು ಅಳೆಯುವುದು ನನ್ನ ಕೆಲಸ. ವರದಿ ಕೈಗೆ ಬಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಮಾಡಿದ್ದು ಯಾರು? ನ್ಯಾಯವಾದ ಪ್ರಶ್ನೆ. ಆದರೆ ಲ್ಯಾಬ್ ಹೇಳುವುದು ಯಾವ ವಸ್ತು, ಎಷ್ಟಿದೆ ಅನ್ನುವುದನ್ನು ಮಾತ್ರ. ಅದು ಕಾರ್ಖಾನೆಯಿಂದ ಬಂತೋ, ಹೊಲದಿಂದ ಬಂತೋ, ಯುದ್ಧದಿಂದ ಬಂತೋ, ಆ ಹಾಳೆಯಲ್ಲಿ ಬರೆದಿರುವುದಿಲ್ಲ.

ಆರ್ಸೆನಿಕ್ ವಿಷಯ ನೋಡಿ. ಲೋಹ ಕರಗಿಸುವ ಕುಲುಮೆಯ ಹೊಗೆಯಲ್ಲಿ ಅದು ಇರುತ್ತದೆ. ಡಿಡಿಟಿ ಬರುವ ಮೊದಲು ಸೇಬಿನ ತೋಟಗಳಿಗೆ ಸೀಸ ಮತ್ತು ಆರ್ಸೆನಿಕ್ ಕೂಡಿದ ಕೀಟನಾಶಕ ಹೊಡೆಯುತ್ತಿದ್ದರು. ಅಂಥ ಎಷ್ಟೋ ತೋಟಗಳ ಮೇಲ್ಮಣ್ಣಿನಲ್ಲಿ ಎರಡೂ ಈಗಲೂ ಸಿಗುತ್ತವೆ. ಮೊದಲ ಮಹಾಯುದ್ಧ ಮುಗಿದ ಮೇಲೆ, ಫ್ರಾನ್ಸಿನ ವೆರ್ಡನ್ ಬಳಿಯ ಕಾಡಿನಲ್ಲಿ ಉಳಿದುಹೋದ ವಿಷಾನಿಲದ ಶೆಲ್‌ಗಳನ್ನು ರಾಶಿ ಹಾಕಿ ಸುಟ್ಟರು. ಸುಮಾರು 80 ವರ್ಷದ ನಂತರ ಪರೀಕ್ಷಿಸಿದಾಗಲೂ ಅಲ್ಲಿನ ಮಣ್ಣಿನಲ್ಲಿ ಆರ್ಸೆನಿಕ್ ವಿಪರೀತ ಇತ್ತು. ಸುತ್ತ ಕಾಡು ಬೆಳೆದಿದ್ದರೂ ಆ ಜಾಗದಲ್ಲಿ ವಿಷ ತಡೆದುಕೊಳ್ಳುವ ಹುಲ್ಲು, ಪಾಚಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇನ್ನು ಗಂಗಾ–ಬ್ರಹ್ಮಪುತ್ರ ಮುಖಜ ಭೂಮಿಯಲ್ಲಿ ಯಾರೂ ಸುರಿಯದಿದ್ದರೂ ಆರ್ಸೆನಿಕ್ ನದಿಯ ಮೆಕ್ಕಲಿನಿಂದಲೇ ಬಿಟ್ಟುಕೊಂಡು ಕೊಳವೆಬಾವಿಗೆ ಸೇರುತ್ತದೆ.

ಹಾಗಾಗಿ ನಾವು ಅದರ ಜೊತೆಗಾರರನ್ನು ಹುಡುಕುತ್ತೇವೆ. ಸೀಸವೂ ಇದೆ, ಎರಡೂ ಮೇಲಿನ ಒಂದಡಿಯಲ್ಲೇ ನಿಂತಿವೆ ಅಂದರೆ ಹಳೆಯ ತೋಟದ ಅನುಮಾನ ಬರುತ್ತದೆ. ತಾಮ್ರ, ಸತು ಜೊತೆಗಿದ್ದು, ಒಂದು ದಿಕ್ಕಿಗೆ ದೂರ ಹೋದಷ್ಟೂ ಕಡಿಮೆಯಾದರೆ ಕುಲುಮೆಯ ಕಡೆ ನೋಡಬೇಕು. ಮೇಲ್ಮಣ್ಣು ಚೆನ್ನಾಗಿದ್ದು ಆಳದ ನೀರಿನಲ್ಲಿ ಮಾತ್ರ ಕಬ್ಬಿಣದ ಜೊತೆ ಕಾಣಿಸಿದರೆ ಅದು ಭೂಮಿಯದೇ ಇರಬಹುದು. ಇವೆಲ್ಲ ಸುಳಿವುಗಳೇ ಹೊರತು ತೀರ್ಪಲ್ಲ. ಆ ಜಮೀನಿನಲ್ಲಿ ಹಿಂದೆ ಏನು ನಡೆದಿತ್ತು ಅನ್ನುವ ದಾಖಲೆ ಸಿಗದಿದ್ದರೆ ಎಷ್ಟೋ ಸಲ ಮುಂದೆ ಹೋಗಲು ಆಗುವುದಿಲ್ಲ.

ಉದ್ಯಮ, ಕೃಷಿ, ಯುದ್ಧ ಎಂದು ಮೂರು ಪಾಠ ಮಾಡಿ ಓದುವುದು ನಮಗೆಲ್ಲ ರೂಢಿ. ನನ್ನ ಮಟ್ಟಿಗೆ ಆ ವಿಂಗಡಣೆಯೇ ಸಮಸ್ಯೆಯ ಒಂದು ಭಾಗ. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ಮೊದಲ ದೊಡ್ಡ ಕಾರ್ಖಾನೆ ಶುರುವಾಗಿದ್ದು ಜರ್ಮನಿಯ ಒಪ್ಪಾವುನಲ್ಲಿ, 1913ರಲ್ಲಿ. ಉದ್ದೇಶ ಗೊಬ್ಬರ. ಮರುವರ್ಷ ಯುದ್ಧ ಬಂತು, ಅದೇ ಅಮೋನಿಯಾ ಸ್ಫೋಟಕಗಳಿಗೆ ಹೋಯಿತು. ಇವತ್ತು ಜಗತ್ತಿನ ಹೊಲಗಳಿಗೆ ಬೀಳುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮಾತ್ರ ಬೆಳೆ ಬಳಸಿಕೊಳ್ಳುತ್ತದೆ. ಉಳಿದದ್ದರಲ್ಲಿ ಒಂದು ಪಾಲು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಜೇಡಿಮಣ್ಣಿನ ಕಣಕ್ಕೂ ನೈಟ್ರೇಟಿಗೂ ಋಣ ವಿದ್ಯುದಂಶವೇ ಇರುವುದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅಂತರ್ಜಲ ಆಳದಲ್ಲಿದ್ದರೆ ಅಲ್ಲಿಗೆ ತಲುಪಲು ದಶಕಗಳೇ ಬೇಕು. ಇಂದು ಬಾವಿಯಲ್ಲಿ ಕಾಣುವುದು ಹಿಂದಿನ ತಲೆಮಾರು ಹಾಕಿದ ಗೊಬ್ಬರವೂ ಆಗಿರಬಹುದು. ಈಗಿನ ರೈತನನ್ನು ಸುಮ್ನೆ ಬೈದು ಏನು ಪ್ರಯೋಜನ?

ಮೂರೂ ಒಂದೇ ಕಡೆ ಸೇರಿದ್ದನ್ನು ನೋಡಬೇಕಿದ್ದರೆ ವಿಯೆಟ್ನಾಂಗೆ ಬರಬೇಕು. ಅಮೆರಿಕದ ಸೇನೆ 1962ರಿಂದ 1971ರವರೆಗೆ ಅಲ್ಲಿನ ಕಾಡು ಮತ್ತು ಬೆಳೆಗಳ ಮೇಲೆ 7 ಕೋಟಿ ಲೀಟರಿಗೂ ಜಾಸ್ತಿ ಕಳೆನಾಶಕ ಸಿಂಪಡಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಏಜೆಂಟ್ ಆರೆಂಜ್. ಅದು ಯುದ್ಧಕ್ಕೆಂದೇ ಹುಟ್ಟಿದ ಹೊಸ ವಸ್ತುವೇನಲ್ಲ. 2,4-ಡಿ ಮತ್ತು 2,4,5-ಟಿ ಎಂಬ ಎರಡು ಕಳೆನಾಶಕಗಳ ಸಮಪಾಲಿನ ಮಿಶ್ರಣ. ಎರಡನ್ನೂ ಆಗ ರೈತರು ಬಳಸುತ್ತಿದ್ದರು. 2,4-ಡಿ ಈಗಲೂ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅತಿ ಕೆಟ್ಟ ವಿಷ ಬಂದದ್ದು ಕಾರ್ಖಾನೆಯಿಂದ: 2,4,5-ಟಿ ತಯಾರಿಸುವಾಗ ಟಿಸಿಡಿಡಿ ಎಂಬ ಡಯಾಕ್ಸಿನ್ ಕಲ್ಮಶವಾಗಿ ಹುಟ್ಟುತ್ತದೆ. ಕಾವಿನ ಮೇಲೆ ಹಿಡಿತ ತಪ್ಪಿದಷ್ಟೂ ಅದು ಜಾಸ್ತಿಯಾಗುತ್ತದೆ.

ಎಲೆಯ ಮೇಲೆ ಬಿದ್ದ ಡಯಾಕ್ಸಿನ್ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ. ಮಣ್ಣಿನೊಳಗೆ ಸೇರಿದರೆ ಕಥೆಯೇ ಬೇರೆ. ನೀರಿನಲ್ಲಿ ಕರಗುವುದಿಲ್ಲ, ಕಣಗಳಿಗೆ ಅಂಟಿಕೊಂಡು ದಶಕಗಟ್ಟಲೆ ಕೂರುತ್ತದೆ. ಕೊಚ್ಚಿಹೋದ ಮಣ್ಣಿನ ಜೊತೆ ಕೆರೆಗೆ, ಅಲ್ಲಿಂದ ಮೀನಿನ ಕೊಬ್ಬಿಗೆ, ಅಲ್ಲಿಂದ ಮನುಷ್ಯರಿಗೆ. ಅದಕ್ಕೇ ಇವತ್ತು ವಿಯೆಟ್ನಾಂನ ಅತಿ ವಿಷಮಯ ಜಾಗಗಳು ಸಿಂಪಡಿಸಿದ ಕಾಡುಗಳಲ್ಲ. ಪೀಪಾಯಿಗಳನ್ನು ಇಟ್ಟು, ವಿಮಾನಕ್ಕೆ ತುಂಬಿದ ವಾಯುನೆಲೆಗಳು. ದನಾಂಗ್ ನೆಲೆಯ ಶುದ್ಧೀಕರಣ 2012ರಲ್ಲಿ ಶುರುವಾಗಿ 2018ರಲ್ಲಿ ಮುಗಿಯಿತು. ಮಣ್ಣನ್ನು ಅಗೆದು, ಕಾಂಕ್ರೀಟ್ ಗೋಡೆಯೊಳಗೆ ರಾಶಿ ಹಾಕಿ, 300 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದರು. ಅದಕ್ಕಿಂತ ದೊಡ್ಡದಾದ ಬಿಯೆನ್ ಹೋವಾ ನೆಲೆಯ ಕೆಲಸ ಶುರುವಾಗಿದ್ದು 2019ರಲ್ಲಿ. ಸಿಂಪಡಣೆ ನಿಂತು ಅಷ್ಟರಲ್ಲಿ 48 ವರ್ಷವಾಗಿತ್ತು. ಅಷ್ಟು ಕಾಲ ಆ ಕೆರೆಯ ಮೀನು ತಿಂದವರು ಯುದ್ಧ ಮಾಡಿದವರಲ್ಲ ಅನ್ನುವುದು ನನ್ನನ್ನು ತುಂಬಾ ಕಾಡುತ್ತದೆ.

ಜಪಾನಿನ ತೊಯಾಮಾದ್ದೂ ಇಂಥದೇ ಕಥೆ. ಕಾಮಿಯೋಕಾ ಗಣಿಯಲ್ಲಿ ಸೀಸ, ಸತು ತೆಗೆಯುತ್ತಿದ್ದರು. ಯುದ್ಧಗಳ ಕಾಲದಲ್ಲಿ ಬೇಡಿಕೆ ಏರಿ ಗಣಿಯ ಕೆಲಸವೂ ಏರಿತು. ಸತುವಿನ ಅದಿರಿನ ಜೊತೆಗೇ ಬರುವ ಕ್ಯಾಡ್ಮಿಯಂ ಎಂಬ ವಿಷಲೋಹ ಜಿಂಜು ನದಿಗೆ, ನದಿಯ ನೀರು ಭತ್ತದ ಗದ್ದೆಗೆ ಬಂತು. ಅಕ್ಕಿ ತಿಂದವರ ಮೂತ್ರಪಿಂಡ ಹಾಳಾಗಿ, ಮೂಳೆಗಳು ಮುರಿಯುವಷ್ಟು ಮೆದುವಾದವು. ಕಾರಣ ಕ್ಯಾಡ್ಮಿಯಂ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ 2012ರವರೆಗೂ ನಡೆಯಿತು.

ಇಲ್ಲೊಂದು ಸೂಕ್ಷ್ಮ ಇದೆ. ಗದ್ದೆಯಲ್ಲಿ ನೀರು ನಿಂತಿದ್ದಾಗ ಕ್ಯಾಡ್ಮಿಯಂ ಗಂಧಕದ ಜೊತೆ ಕೂಡಿ ಮಣ್ಣಿನಲ್ಲೇ ಉಳಿಯುತ್ತದೆ. ನೀರು ಬಸಿದಾಗ ಗಾಳಿ ತಾಗಿ ಕರಗುತ್ತದೆ, ಬೇರು ಹೀರಿಕೊಳ್ಳುತ್ತದೆ. ಹಾಗಿದ್ದರೆ ತೆನೆ ಬರುವ ಹೊತ್ತಿನಲ್ಲಿ ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಂಡರೆ ಆಯಿತು, ಅಲ್ವಾ? ಆದರೆ ಆರ್ಸೆನಿಕ್ ಇದಕ್ಕೆ ಪೂರ್ತಿ ಉಲ್ಟಾ. ನೀರು ನಿಂತಷ್ಟೂ ಅದು ಅಕ್ಕಿಗೆ ಜಾಸ್ತಿ ಸೇರುತ್ತದೆ. ಎರಡೂ ಇರುವ ಗದ್ದೆಯಲ್ಲಿ ರೈತನಿಗೆ ಸುಲಭದ ದಾರಿ ಇಲ್ಲ. ಗಣಿಯವರು ಮಾಡಿದ್ದನ್ನು ಅವನು ತನ್ನ ನೀರಿನ ಲೆಕ್ಕದಲ್ಲಿ ತೀರಿಸಬೇಕು.

ಪರಿಹಾರದ ಪ್ರಶ್ನೆಯೂ ಕೊನೆಗೆ ದಾಖಲೆಗೇ ಬಂದು ನಿಲ್ಲುತ್ತದೆ. 1991ರಲ್ಲಿ ಹಿಂದೆ ಸರಿಯುತ್ತಿದ್ದ ಇರಾಕ್ ಸೇನೆ ಕುವೈತಿನ 600ಕ್ಕೂ ಹೆಚ್ಚು ತೈಲ ಬಾವಿಗಳಿಗೆ ಬೆಂಕಿ ಹಚ್ಚಿತು. ವಿಶ್ವಸಂಸ್ಥೆ ಪರಿಹಾರ ಆಯೋಗ ರಚಿಸಿತು. ಇರಾಕಿನ ತೈಲದ ಆದಾಯದಿಂದ ಪರಿಸರ ಹಾನಿಗೆಂದೇ 500 ಕೋಟಿ ಡಾಲರಿಗೂ ಹೆಚ್ಚು ಮಂಜೂರಾಯಿತು. ಆಯೋಗದ ಎಲ್ಲ ಬಗೆಯ ಪರಿಹಾರದ ಪಾವತಿ ಮುಗಿದದ್ದು 2022ರಲ್ಲಿ. ಪರಿಸರ ಹಾನಿಗೆ ಸಂತ್ರಸ್ತ ದೇಶಗಳು ಕೇಳಿದ್ದು ಮಂಜೂರಾದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಲವು ಕೇಳಿಕೆಗಳು ಬಿದ್ದುಹೋದದ್ದು ಸಾಕ್ಷ್ಯ ಸಾಲದೆ. ಮೊದಲು ಹೇಗಿತ್ತು ಎಂದು ತೋರಿಸಲಾಗದಿದ್ದರೆ ಎಷ್ಟು ಹಾಳಾಯಿತು ಎಂದು ತೋರಿಸುವುದೂ ಕಷ್ಟ.

ಅದಕ್ಕೆ ನಾನು ಕಂಡಕಂಡವರಿಗೆಲ್ಲ ಹೇಳುವುದು, ತೊಂದರೆ ಬರುವ ಮೊದಲೇ ಮಣ್ಣು ತೆಗೆದಿಡಿ ಎಂದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದವರು 1840ರ ದಶಕದಿಂದ ಮಣ್ಣು, ಹುಲ್ಲು, ಧಾನ್ಯಗಳ ಸ್ಯಾಂಪಲ್ ಜೋಪಾನ ಮಾಡಿದ್ದಾರೆ. ಉದ್ದೇಶ ಗೊಬ್ಬರದ ಪ್ರಯೋಗ. ಆಮೇಲೆ ಅವೇ ಸ್ಯಾಂಪಲ್‌ಗಳಲ್ಲಿ ಮಣ್ಣಿನ ಕ್ಯಾಡ್ಮಿಯಂ ಏರಿದ ರೀತಿ ಸಿಕ್ಕಿತು. ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಕೂಡ ಅಲ್ಲಿನ ಹಳೆಯ ಹುಲ್ಲಿನಲ್ಲಿ ಸಿಕ್ಕಿತು.

ಅಷ್ಟು ದೊಡ್ಡದಾಗಿ ಮಾಡಬೇಕಿಲ್ಲ. ಕಾರ್ಖಾನೆ, ಗಣಿ, ಸೇನಾ ನೆಲೆ, ದೊಡ್ಡ ತೋಟ ಏನೇ ಬರುವುದಿದ್ದರೂ ಮೊದಲು ಮೇಲ್ಮಣ್ಣು, ಒಂದಡಿ ಆಳ, ಮೂರಡಿ ಆಳ ಹೀಗೆ ಬೇರೆ ಬೇರೆ ಸ್ಯಾಂಪಲ್ ತೆಗೆಯಿರಿ. ಜಾಗ, ಆಳ, ತಾರೀಕು ಬರೆದು, ನೆರಳಿನಲ್ಲಿ ಒಣಗಿಸಿ, ಗಾಜಿನ ಸೀಸೆಯಲ್ಲಿ ಮುಚ್ಚಿಡಿ. ಲೋಹಗಳು ಅದರಲ್ಲಿ ದಶಕಗಳ ಕಾಲ ಹಾಗೇ ಇರುತ್ತವೆ. ನೈಟ್ರೇಟಿಗೆ, ಆವಿಯಾಗುವ ದ್ರಾವಕಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವನ್ನು ತಂಪಿನಲ್ಲಿಟ್ಟು ಬೇಗನೇ ಲ್ಯಾಬಿಗೆ ಕಳಿಸಿ, ವರದಿಯನ್ನು ಸೀಸೆಗಳ ಜೊತೆಗೇ ಇಡಬೇಕು.