ಒಂದೇ ದರ ಬಂದರೆ ರಿಟರ್ನ್ ಸರಳವಾಗುತ್ತಾ?

ಆದಾಯ ತೆರಿಗೆಗೆ ಒಂದೇ ದರ ಇಟ್ಟುಬಿಟ್ಟರೆ ತಲೆನೋವೇ ಇರಲ್ಲ ಅನ್ನುವವರು ಬಹಳ ಜನ. ರಿಟರ್ನ್ ತುಂಬಿಕೊಡುವ ನಮ್ಮಂಥವರಿಗೆ ಸ್ಲ್ಯಾಬ್‌ಗಳು, ಅಂದರೆ ಆದಾಯದ ಒಂದೊಂದು ಹಂತಕ್ಕೆ ಒಂದೊಂದು ದರ, ದೊಡ್ಡ ಕೆಲಸವೇ ಅಲ್ಲ. ತೆರಿಗೆ ಹಾಕಬೇಕಾದ ಮೊತ್ತ ಗೊತ್ತಾದರೆ, ಸ್ಲ್ಯಾಬ್ ಮೂರಿರಲಿ ಏಳಿರಲಿ, ಕಂಪ್ಯೂಟರ್ ಕ್ಷಣದಲ್ಲಿ ಲೆಕ್ಕ ಹಾಕುತ್ತದೆ. ಆ ಮೊತ್ತ ಎಷ್ಟು ಅಂತ ತೀರ್ಮಾನಿಸುವುದೇ ಕಷ್ಟ. ಈ ಖರ್ಚು ವ್ಯಾಪಾರದ್ದಾ, ಮನೆಯದ್ದಾ? ಕಂಪನಿ ಕೊಟ್ಟ ಕಾರು ಸಂಬಳಕ್ಕೆ ಸೇರುತ್ತಾ? ಷೇರು ಮಾರಿ ಬಂದದ್ದು ಬಂಡವಾಳ ಲಾಭವಾ, ವ್ಯಾಪಾರದ ಲಾಭವಾ? ಜಗಳವೆಲ್ಲ ಇಲ್ಲೇ.

ಎಲ್ಲ ಬಗೆಯ ಆದಾಯಕ್ಕೂ ಒಂದೇ ದರವಾದರೆ ಕೊನೆಯ ಜಗಳ ಬಹುಮಟ್ಟಿಗೆ ತಣ್ಣಗಾಗುತ್ತದೆ, ನಿಜ. ಯಾವ ಹೆಸರಲ್ಲಿ ತೋರಿಸಿದರೂ ತೆರಿಗೆ ಅಷ್ಟೇ ಅಂದಮೇಲೆ ಹೆಸರು ಬದಲಿಸಿ ಏನು ಲಾಭ? ಆದರೆ ಮೊದಲೆರಡು ಪ್ರಶ್ನೆಗಳು ಎಲ್ಲಿಗೂ ಹೋಗಲ್ಲ.

1981ರಲ್ಲಿ ಅಮೆರಿಕದ ವಿದ್ವಾಂಸರಾದ ರಾಬರ್ಟ್ ಹಾಲ್ ಮತ್ತು ಆಲ್ವಿನ್ ರಬುಷ್ಕಾ ಶೇ 19ರ ಒಂದೇ ದರದ ಯೋಜನೆ ಮುಂದಿಟ್ಟರು. ರಿಟರ್ನ್ ಪೋಸ್ಟ್‌ಕಾರ್ಡ್‌ನಷ್ಟು ಚಿಕ್ಕದು ಅನ್ನುವುದೇ ಅದರ ಆಕರ್ಷಣೆ. ಅಷ್ಟು ಚಿಕ್ಕದಾದದ್ದು ದರದಿಂದಲ್ಲ. ಗೃಹಸಾಲದ ಬಡ್ಡಿ, ದಾನ, ತೆರಿಗೆಗೆ ಮುಂಚೆ ಆದಾಯದಿಂದ ಕಳೆಯುವ ಇಂಥ ಕಡಿತಗಳನ್ನೆಲ್ಲ ಅವರು ತೆಗೆದುಹಾಕಿದ್ದರು. ಬಡ್ಡಿ, ಡಿವಿಡೆಂಡ್‌ಗಳ ತೆರಿಗೆ ವ್ಯಾಪಾರದ ಹಂತದಲ್ಲೇ ಮುಗಿಯುತ್ತಿತ್ತು. ಹಾಗಾಗಿ ಸಂಬಳದವರ ಕಾಗದದಲ್ಲಿ ಅವು ಬರುವಂತೆಯೇ ಇರಲಿಲ್ಲ. ದರ ನಾಲ್ಕಿದ್ದರೂ ಇದೆಲ್ಲ ಮಾಡಬಹುದಿತ್ತು, ಅಲ್ವಾ? ಆದರೆ ಕಡಿತ ಬಿಡಲು ಯಾರೂ ಸುಮ್ನೆ ಒಪ್ಪಲ್ಲ. ಕಡಿಮೆ ದರದ ಆಸೆ ತೋರಿಸಿದರೆ ಕೆಲವರಾದರೂ ಒಪ್ಪುತ್ತಾರೆ. ಒಂದೇ ದರದ ನಿಜವಾದ ಬಲ ಈ ಚೌಕಾಸಿಯಲ್ಲಿದೆ ಅಂತ ನನ್ನ ಅನಿಸಿಕೆ.

ಜಾರಿ ಮಾಡಿದ ದೇಶಗಳೂ ಇವೆ. ಎಸ್ಟೋನಿಯಾ 1994ರಲ್ಲಿ ಶೇ 26ರಿಂದ ಶುರು ಮಾಡಿತು. ರಷ್ಯಾ 2001ರಲ್ಲಿ ಶೇ 13 ತಂದಿತು, 2021ರಲ್ಲಿ ಹೆಚ್ಚು ಆದಾಯದವರಿಗೆ ಶೇ 15 ಸೇರಿಸಿತು. ಸ್ಲೊವಾಕಿಯಾ 2004ರಲ್ಲಿ ಶೇ 19ಕ್ಕೆ ಬಂದು, 2013ರಲ್ಲಿ ಶೇ 25ರ ಎರಡನೇ ದರ ತಂದಿತು. ಖಜಾನೆಗೆ ಹಣ ಬೇಕಾದಾಗ ಸರ್ಕಾರದ ಕಣ್ಣು ಮೊದಲು ಹೋಗುವುದು ಮೇಲಿನವರ ಕಡೆಗೇ.

ಬಡವ, ಶ್ರೀಮಂತ ಇಬ್ಬರಿಗೂ ಒಂದೇ ಹೊರೆ ಅನ್ನುವ ಆಕ್ಷೇಪವೂ ಪೂರ್ತಿ ಸರಿಯಲ್ಲ. ಮೊದಲ 1 ಲಕ್ಷಕ್ಕೆ ವಿನಾಯಿತಿ, ಉಳಿದದ್ದಕ್ಕೆ ಶೇ 20 ಅಂದುಕೊಳ್ಳಿ. 2 ಲಕ್ಷ ದುಡಿಯುವವರು ಕಟ್ಟುವುದು 20 ಸಾವಿರ, ಅಂದರೆ ಆದಾಯದ ಶೇ 10. 10 ಲಕ್ಷದವರು ಕಟ್ಟುವುದು 1.8 ಲಕ್ಷ, ಶೇ 18. ತಳದವರಿಗೆ ವಿನಾಯಿತಿ ರಕ್ಷಣೆ ಕೊಡುತ್ತದೆ. ತುದಿಯವರಿಗೆ ಹಳೆಯ ಮೇಲ್ದರ ಹೋಗಿ ಉಳಿತಾಯ ಆಗುತ್ತದೆ. ಒಟ್ಟು ವಸೂಲಿ ಮೊದಲಿನಷ್ಟೇ ಇರಬೇಕು ಅಂದರೆ ಆ ಕೊರತೆ ಹೆಚ್ಚಾಗಿ ಬೀಳುವುದು ಮಧ್ಯದವರ ಮೇಲೆ. ಅವರನ್ನು ಉಳಿಸಲು ವಿನಾಯಿತಿ ಮಿತಿ ಏರಿಸಿದರೆ, ದರವನ್ನೂ ಏರಿಸಬೇಕಾಗುತ್ತದೆ.